ಅಪ್‌ಡೇಟ್: ಮಗಳ ಕಲಿನರಿ ಕ್ಲಾಸ್

ಹೋದ ಆಗಸ್ಟ್‌ನಲ್ಲಿ ಕೇಳಿದ್ದೆ, ನೆನಪಿದೆಯಾ? ಟೆಕ್ಸಾಸ್‌ನಲ್ಲಿ ಹತ್ತನೇ ಗ್ರೇಡ್ ಓದುವ ಮಗಳು ಕಂಪ್ಯೂಟರ್ ಬಿಟ್ಟು ಕಲಿನರಿ ಆರ್ಟ್ಸ್ (ಅಡುಗೆ ಕಲೆ) ತಗೊಳ್ತೀನಿ ಅಂತಿದ್ದಾಳೆ, ಒಪ್ಪಲಾ ಬೇಡವಾ ಅಂತ. ಒಪ್ಪಿದೆ.

ಮೊದಲ ಕೆಲವು ವಾರ ಒಲೆಯನ್ನೇ ಹಚ್ಚಲಿಲ್ಲವಂತೆ. ಬರೀ ಕೈ ತೊಳೆಯುವುದು, ಚಾಕು ಹಿಡಿಯುವುದು, ಥರ್ಮಾಮೀಟರ್. ಕೋಳಿಯ ಒಳಗೆ 165 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಬೇಕು. 41ರಿಂದ 135 ಡಿಗ್ರಿ ನಡುವೆ ಅಡುಗೆ ಜಾಸ್ತಿ ಹೊತ್ತು ಇರಬಾರದು. ಈಗ ರಾತ್ರಿ ಉಳಿದ ಅನ್ನ ಹೊರಗಿದ್ದರೆ ನನಗೇ ಬೈಗುಳ! ಬೆಳಗಿನ ಚಿತ್ರಾನ್ನದ ಗತಿಯೇನು ಅಂತ ನಮ್ಮತ್ತೆಗೆ ಚಿಂತೆ. ಮೊನ್ನೆ ಹುಳಿಗೆ ಕ್ಯಾರೆಟ್ಟನ್ನು ಬೆಂಕಿಕಡ್ಡಿಯಷ್ಟು ತೆಳ್ಳಗೆ ಹೆಚ್ಚಿದಳು. ಬೆಂದ ಮೇಲೆ ಒಂದೂ ಕಾಣಲಿಲ್ಲ ಬಿಡಿ.

ಫುಡ್ ಹ್ಯಾಂಡ್ಲರ್ ಪರೀಕ್ಷೆ (ಆಹಾರ ಸುರಕ್ಷತೆಯದ್ದು) ಪಾಸಾಗಿದ್ದಾಳೆ. ಕಾಲೇಜಿಗೆ ತೊಂದರೆ ಆಗುತ್ತಾ ಅನ್ನುವ ಭಯವಿತ್ತಲ್ವಾ? ಗಣಿತ, ವಿಜ್ಞಾನ ಎಲ್ಲ ಹಾಗೇ ಇವೆ. ಮುಂದಿನ ವರ್ಷ ಹೋಟೆಲ್ ಮ್ಯಾನೇಜ್‌ಮೆಂಟ್ ಕ್ಲಾಸೂ ಬೇಕಂತೆ.