ಸಹಾಯ ಬೇಕು: ಸೆನ್ಸರ್ ಮಾತು ಗೇಟ್‌ವೇಗೆ ಕೇಳುತ್ತದೆ, ಉತ್ತರ ವಾಪಸ್ ತಲುಪುತ್ತಿಲ್ಲ

ನಮಸ್ಕಾರ. ನಮ್ಮದು ಕಾಸರಗೋಡಿನ ಬದಿಯಡ್ಕ ಹತ್ತಿರ ಅಡಿಕೆ ತೋಟ. ಸುರಂಗದ (ಗುಡ್ಡಕ್ಕೆ ಅಡ್ಡ ಕೊರೆದ ನೀರಿನ ಬಿಲ) ನೀರು ಗುಡ್ಡದ ಬುಡದ ಟಾಂಕಿಗೆ ಬೀಳುತ್ತದೆ. ಎಪ್ರಿಲ್ ಬಂತೆಂದರೆ ಒರತೆ ಸಣ್ಣದಾಗುತ್ತದೆ. ಎರಡು ದಿನ ನೋಡದಿದ್ದರೆ ಎಳೆ ಸಸಿಗಳು ಬಾಡುತ್ತವೆ. ಅದಕ್ಕೇ ಟಾಂಕಿಗೆ ಬ್ಯಾಟರಿಯ ಲೋರಾವ್ಯಾನ್ (ಕಡಿಮೆ ಕರೆಂಟಿನಲ್ಲಿ ದೂರಕ್ಕೆ ಡೇಟಾ ಕಳಿಸುವ ರೇಡಿಯೋ ಜಾಲ) ಸೆನ್ಸರ್ ಇಟ್ಟೆ. ಅದರ ಸಿಗ್ನಲ್ ಹಿಡಿದು ಇಂಟರ್ನೆಟ್ ಮೂಲಕ ಸರ್ವರ್‌ಗೆ ಕಳಿಸುವ ಗೇಟ್‌ವೇ ಮನೆಯ ಮಾಡಿನ ಮೇಲಿದೆ, ಇಂಟರ್ನೆಟ್ ಸರಿ ಇದೆ. ನಡುವೆ ಸುಮಾರು 600 ಮೀಟರ್, ಒಂದು ಸಣ್ಣ ದಿಣ್ಣೆ, ಮತ್ತೆ ಪೂರ್ತಿ ಅಡಿಕೆ ಮರ.

ಟಾಂಕಿಯ ಹತ್ತಿರ ಸೆನ್ಸರ್ ಜಾಯಿನ್ ಆಗುವುದೇ ಇಲ್ಲ, ಅಂದರೆ ಜಾಲಕ್ಕೆ ಸೇರುವುದೇ ಇಲ್ಲ. ಆದರೆ ಅದರ ಜಾಯಿನ್ ರಿಕ್ವೆಸ್ಟ್ ಗೇಟ್‌ವೇ ಲಾಗ್‌ನಲ್ಲಿ ಪ್ರತಿ ಸಲ ಕಾಣುತ್ತದೆ, ಸಿಗ್ನಲ್ ಬಲ ಮೈನಸ್ 117 ಡಿಬಿಎಂ, ಎಸ್‌ಎಫ್12 (ಎಸ್‌ಎಫ್ ಸಂಖ್ಯೆ ಹೆಚ್ಚಿದಷ್ಟು ಸಿಗ್ನಲ್ ನಿಧಾನ, ಆದರೆ ಹೆಚ್ಚು ದೂರ ಹೋಗುತ್ತದೆ). ಸರ್ವರ್ ಒಪ್ಪಿಗೆಯ ಉತ್ತರ (ಜಾಯಿನ್ ಅಕ್ಸೆಪ್ಟ್) ಕಳಿಸುತ್ತದೆ. ಅದು ಮಾತ್ರ ಸೆನ್ಸರ್‌ಗೆ ಸಿಗುತ್ತಿಲ್ಲ. ಅದೇ ಸೆನ್ಸರ್ ಮನೆಗೆ ತಂದರೆ ಮೊದಲ ಸಲಕ್ಕೇ ಜಾಯಿನ್! ಹಾಗೇ ವಾಪಸ್ ಒಯ್ದರೆ ಡೇಟಾವೂ ಬರುತ್ತದೆ. ಬ್ಯಾಟರಿ ತೆಗೆದು ಹಾಕಿದರೆ ಮತ್ತೆ ಅದೇ ಕಥೆ.

ಕೀ (ಜಾಲಕ್ಕೆ ಸೇರಲು ಬೇಕಾದ ಗುಪ್ತ ಸಂಕೇತ) ಎಲ್ಲ ಸರಿ ಇದೆ, ಇಲ್ಲದಿದ್ದರೆ ಮನೆಯಲ್ಲೂ ಆಗುತ್ತಿರಲಿಲ್ಲ ಅಲ್ವಾ? ಬ್ಯಾಟರಿ ಹೊಸದು. ಎರಡೂ ಕಡೆ ಆಂಟೆನಾ ಬದಲಿಸಿದೆ. ಐಎನ್865 ಪ್ಲಾನ್ (ಭಾರತದ ಲೋರಾವ್ಯಾನ್ ಫ್ರೀಕ್ವೆನ್ಸಿ ಪಟ್ಟಿ) ಎರಡು ಸಲ ನೋಡಿದೆ. ಉತ್ತರಕ್ಕೆ ಸೆನ್ಸರ್ 5 ಮತ್ತು 6ನೇ ಸೆಕೆಂಡಿಗೆ ಕಿವಿ ತೆರೆಯುತ್ತದೆ, ಎರಡನೇ ಸಲ 866.55 ಮೆಗಾಹರ್ಟ್ಸ್, ಎಸ್‌ಎಫ್10. ಸರ್ವರ್‌ನಲ್ಲೂ ಹಾಗೇ ಇದೆ.

ಹೋಗುವ ಸಿಗ್ನಲ್ ತಲುಪಿ, ಬರುವುದು ಮಾತ್ರ ಯಾಕೆ ತಪ್ಪುತ್ತದೆ? ಗೇಟ್‌ವೇಯ ಟ್ರಾನ್ಸ್‌ಮಿಟ್ ಪವರ್ ಕಡಿಮೆ ಇರಬಹುದೇ, ಅದನ್ನು ಎಲ್ಲಿ ನೋಡಬೇಕು? ಅಥವಾ ದಿಣ್ಣೆಯ ಮೇಲೆ ಇನ್ನೊಂದು ಗೇಟ್‌ವೇ ಇಡಲೇಬೇಕಾ?