ಸಹಾಯ ಬೇಕು: ಘಾಟಿ ಹತ್ತುವಾಗ ಪಿಕಪ್ ಎಳೀತಿಲ್ಲ, ಮೈಲೇಜೂ ಇಳಿದಿದೆ

ತೀರ್ಥಹಳ್ಳಿ ಕಡೆಯ ಗಾಡಿ, 2021ರ ಬಿಎಸ್ 6 (ಹೊಗೆ ಮಿತಿಯ ನಿಯಮ) ಡೀಸೆಲ್ ಪಿಕಪ್. ಒಂದು ಟನ್ ಅಡಿಕೆ ಹೇರಿದರೂ ಲೀಟರಿಗೆ 13 ಕಿ.ಮೀ. ಕೊಡ್ತಿದ್ದದ್ದು ಈಗ 10. ಫುಲ್ ಟ್ಯಾಂಕ್‌ನಿಂದ ಫುಲ್ ಟ್ಯಾಂಕ್ ಲೆಕ್ಕ ಇದು, ಮೀಟರ್ ತೋರಿಸೋದಲ್ಲ. ಡೀಸೆಲ್ ಫಿಲ್ಟರ್, ಏರ್ ಫಿಲ್ಟರ್ ಹೊಸದು. ಫಿಲ್ಟರ್ ತಳದ ನೀರು ಇಳಿಸಿ ಆಯ್ತು (ನಮ್ಮ ಮಳೆಗೆ ಅದೇ ಮೊದಲ ಕೆಲಸ). ಬ್ರೇಕ್ ಹಿಡಿದಿಲ್ಲ, ಜಾಕ್ ಕೊಟ್ಟರೆ ಚಕ್ರ ಸಲೀಸು.

ಆಗುಂಬೆ ಘಾಟಿಯಲ್ಲಿ ಎರಡನೇ ಗೇರಲ್ಲಿ ಕಾಲು ಒತ್ತಿದರೆ ‘ಸುಯ್’ ಅನ್ನೋ ಸದ್ದು. ಇಂಟರ್‌ಕೂಲರ್ (ಟರ್ಬೊದಿಂದ ಬರೋ ಬಿಸಿಗಾಳಿ ತಣಿಸೋ ಭಾಗ) ಪೈಪಿನ ಕ್ಲಿಪ್ ಹತ್ತಿರ ಎಣ್ಣೆ ಪಸೆ. ಸೋಪುನೀರು ಹಚ್ಚಿದರೆ ಗುಳ್ಳೆ ಬರಲಿಲ್ಲ, ಆದರೆ ಐಡಲ್‌ನಲ್ಲಿ (ಗಾಡಿ ನಿಂತು ಎಂಜಿನ್ ಮಾತ್ರ ಓಡುವಾಗ) ಬೂಸ್ಟ್, ಅಂದರೆ ಟರ್ಬೊ ತುಂಬೋ ಗಾಳಿಯ ಒತ್ತಡ, ಇರಲ್ಲವಲ್ಲ, ಅದನ್ನ ನಂಬೋಕಾಗಲ್ಲ. ಪೈಪಿಗೆ ಹೊರಗಿಂದ ಗಾಳಿ ಕೊಟ್ಟು ಲೀಕ್ ನೋಡೋರು ಶಿವಮೊಗ್ಗದಲ್ಲಿ ಇದ್ದಾರಾ? ಇಜಿಆರ್ ವಾಲ್ವ್ (ಹೊಗೆಯ ಒಂದು ಪಾಲನ್ನ ಮತ್ತೆ ಎಂಜಿನ್‌ಗೆ ಬಿಡೋದು) ತೊಳೆಸಿ ಮೈಲೇಜ್ ವಾಪಸ್ ಪಡೆದವರೂ ಹೇಳಿ. ಡಿಪಿಎಫ್ (ಹೊಗೆಯ ಮಸಿ ಹಿಡಿಯೋ ಫಿಲ್ಟರ್) ಕಿತ್ತುಹಾಕಿ ಅನ್ನೋ ಸಲಹೆ ಮಾತ್ರ ಬೇಡ ಮಾರಾಯ್ರೇ.