ಡಾಗ್ ಪಾರ್ಕಿನಲ್ಲಿ ಮೈಮೇಲೆ ಬರುವ ನಾಯಿ, ಮಾತು ಕೇಳದ ಮಾಲೀಕರು

ಹೊರದೇಶದಲ್ಲಿರುವ ಕನ್ನಡಿಗರ ಈ ನಮ್ಮ ಗುಂಪಿನಲ್ಲಿ ಮಕ್ಕಳ ಹಟಕ್ಕೆ ನಾಯಿ ಸಾಕಿದವರು ತುಂಬಾ ಜನ ಇದ್ದೀರಿ. ಡಾಗ್ ಪಾರ್ಕಿನ, ಅಂದರೆ ನಾಯಿಗಳನ್ನು ಬಿಚ್ಚಿ ಆಡಲು ಬಿಡುವ ಬೇಲಿ ಹಾಕಿದ ಜಾಗದ, ದೂರುಗಳೂ ಅಷ್ಟೇ ಇವೆ. "ದೊಡ್ಡ ನಾಯಿ ನಮ್ಮ ಮರಿ ಮೇಲೆ ಬಿತ್ತು, ಅದರ ಮಾಲೀಕರು 'ಸುಮ್ನೆ ಆಟ ಆಡ್ತಿದೆ' ಅಂತ ನಕ್ಕರು, ಏನು ಮಾಡೋದು?" ಅಂತ ಕೇಳಿದವರಿಗೆ ನನಗೆ ತಿಳಿದದ್ದು ಹೇಳುತ್ತೇನೆ.

ಒಳಗೆ ಹೋಗುವ ಮುಂಚೆ ಬೇಲಿಯ ಹೊರಗೆ ಸ್ವಲ್ಪ ಹೊತ್ತು ನಿಂತು ನೋಡಿ. ನಾಯಿಗಳಿಗಿಂತ ಮೊದಲು ಜನರನ್ನು ನೋಡಿ. ಕರೆದರೆ ನಾಯಿ ಬರುತ್ತಾ? ಅವರ ಕಣ್ಣು ನಾಯಿಯ ಮೇಲಿದೆಯಾ, ಫೋನಿನ ಮೇಲಾ? ಎಲ್ಲರೂ ಫೋನು ಹಿಡಿದು ಬೆಂಚಿನ ಮೇಲೆ ಕೂತಿದ್ದರೆ, ಅವತ್ತು ರಸ್ತೆಯಲ್ಲೇ ವಾಕಿಂಗ್ ಮಾಡಿಸಿ ಮನೆಗೆ ಹೋಗಿ.

ಆಮೇಲೆ ಗೇಟು. ಹೊಸ ನಾಯಿ ಬಂತು ಅಂದ ಕೂಡಲೇ ಒಳಗಿನವೆಲ್ಲ ಓಡಿಬಂದು ಮುತ್ತಿಕೊಳ್ಳುತ್ತವೆ. ಎಷ್ಟೋ ಜಗಳ ಶುರುವಾಗುವುದು ಇಲ್ಲೇ. ಗುಂಪು ಚದುರುವವರೆಗೆ ಕಾಯಿರಿ. ಹೊರಗಿನ ಮತ್ತು ಒಳಗಿನ ಗೇಟುಗಳ ನಡುವಿನ ಜಾಗದಲ್ಲೇ ಲೀಶ್ (ನಾಯಿಯನ್ನು ಹಿಡಿದುಕೊಳ್ಳುವ ಹಗ್ಗ) ಬಿಚ್ಚಿ. ಬಿಚ್ಚಿಬಿಟ್ಟ ನಾಯಿಗಳ ನಡುವೆ ಲೀಶ್ ಬಿಗಿ ಹಿಡಿದು ನಡೆದರೆ ನಿಮ್ಮ ನಾಯಿಗೆ ಓಡಿ ತಪ್ಪಿಸಿಕೊಳ್ಳುವ ದಾರಿ ಇರಲ್ಲ. ಆಗ ಹೆದರಿದ ನಾಯಿಯೇ ಮೊದಲು ಬಾಯಿ ಹಾಕುತ್ತದೆ.

ಬೊಗಳುವ ನಾಯಿ ಕಚ್ಚಲ್ಲ ಅನ್ನುವ ಗಾದೆಯನ್ನು ಇಲ್ಲಿ ನೆಚ್ಚಿಕೊಳ್ಳಬೇಡಿ. ಬೊಗಳದ ನಾಯಿಗಳ ಮೇಲೂ ಕಣ್ಣಿರಲಿ. ಮೈ ಸೆಟೆದಿದೆ, ಬಾಯಿ ಮುಚ್ಚಿದೆ, ನೋಟ ಒಂದೇ ಕಡೆ ನೆಟ್ಟಿದೆ, ಬಾಲ ಮೇಲೆತ್ತಿ ಗಡುಸಾಗಿ ಅಲ್ಲಾಡುತ್ತಿದೆ ಅಂದರೆ ಅದು ಖುಷಿಯ ಬಾಲ ಅಲ್ಲ. ಆಟ ಆಡುವ ನಾಯಿಯ ಮೈ ಸಡಿಲವಾಗಿರುತ್ತದೆ. ಮುಂಗಾಲು ಚಾಚಿ, ಹಿಂಭಾಗ ಎತ್ತಿ ಆಟಕ್ಕೆ ಕರೆಯುತ್ತದೆ. ಒಮ್ಮೆ ಇದು ಅಟ್ಟಿಸಿದರೆ ಇನ್ನೊಮ್ಮೆ ಅದು ಅಟ್ಟಿಸುತ್ತದೆ. ಒಂದೇ ನಾಯಿ ಸದಾ ಕೆಳಗೆ ಬಿದ್ದಿದ್ದರೆ, ಬಾಲ ಕಾಲ ಸಂದಿಗೆ ಸೇರಿದ್ದರೆ, ಕಣ್ಣಿನ ಬಿಳಿ ಭಾಗ ಕಾಣುತ್ತಿದ್ದರೆ ಅದಕ್ಕೆ ಆಟ ಸಾಕಾಗಿದೆ. ಅನುಮಾನ ಇದ್ದರೆ, ಮೇಲೆ ಬೀಳುತ್ತಿರುವ ನಾಯಿಯನ್ನು ಅದರ ಮಾಲೀಕರು ಒಂದು ಕ್ಷಣ ಹಿಡಿದುಕೊಳ್ಳಲಿ. ಕೆಳಗಿದ್ದದ್ದು ತಾನಾಗಿ ವಾಪಸ್ ಬಂದರೆ ಆಟ. ನಿಮ್ಮ ಕಾಲ ಹಿಂದೆ ಬಂದು ಅವಿತುಕೊಂಡರೆ ಮುಗೀತು, ಹೊರಡಿ.

ಮಾಲೀಕರ ಹತ್ತಿರ ಮಾತಾಡುವುದೇ ನಮಗೆ ಕಷ್ಟ. "ಹೊರಗಿಂದ ಬಂದವರು ನಾವು, ಯಾಕೆ ಬೇಕು ರಗಳೆ" ಅಂತ ಸುಮ್ಮನಾಗುವವರೇ ಜಾಸ್ತಿ. ಕಚ್ಚುವ ನಾಯಿ ವೀಸಾ ನೋಡಿ ಕಚ್ಚುತ್ತಾ? ಬಾಯಿ ಬಿಟ್ಟು ಹೇಳಿ. ಆದರೆ "ನಿಮ್ಮ ನಾಯಿ ಸರಿ ಇಲ್ಲ" ಅಂದರೆ ಕೆಲಸ ಕೆಡುತ್ತದೆ. ಮಗುವನ್ನು ಬೈದಷ್ಟೇ ಸಿಟ್ಟು ಬರುತ್ತದೆ ಅವರಿಗೆ. "ನಮ್ಮದು ಹೆದರಿದೆ, ನಿಮ್ಮದನ್ನು ಸ್ವಲ್ಪ ಕರೆದುಕೊಳ್ಳುತ್ತೀರಾ?" ಅನ್ನಿ. ಕರೆಯಲಿಲ್ಲವಾ, ವಾದಕ್ಕೆ ನಿಲ್ಲಬೇಡಿ. ನೀವಿಬ್ಬರು ವಾದಿಸುವಾಗ ನಾಯಿಗಳನ್ನು ನೋಡುವವರು ಯಾರು?

ಕಚ್ಚಾಟ ಹತ್ತಿಯೇ ಬಿಟ್ಟರೆ ಕುತ್ತಿಗೆಪಟ್ಟಿಗೆ ಕೈ ಹಾಕಬೇಡಿ. ಆ ಭರದಲ್ಲಿ ನಿಮ್ಮದೇ ನಾಯಿ ನಿಮ್ಮ ಕೈ ಕಚ್ಚುತ್ತದೆ. ಜೋರಾಗಿ ಸದ್ದು ಮಾಡಿ, ನೀರು ಎರಚಿ, ಜಾಕೆಟ್ ಎಸೆಯಿರಿ. ಬಿಡಿಸಿದ ಮೇಲೆ ಕೂದಲು ಸರಿಸಿ ನೋಡಿ. ಹಲ್ಲಿನ ಗಾಯ ಮೇಲೆ ಚುಕ್ಕೆಯಷ್ಟಿದ್ದರೂ ಒಳಗೆ ಆಳವಾಗಿರುತ್ತದೆ, ಕೀವಾಗುತ್ತದೆ. ಅವತ್ತೇ ನಾಯಿ ಡಾಕ್ಟರ (ವೆಟ್) ಹತ್ತಿರ ಹೋಗಿ. ಮನುಷ್ಯರಿಗೆ ಕಚ್ಚಿದರೆ ಹರಿಯುವ ನೀರು, ಸೋಪಿನಲ್ಲಿ 15 ನಿಮಿಷ ತೊಳೆದು ಡಾಕ್ಟರ ಹತ್ತಿರ ಹೊರಡಿ. ಎದುರಿನವರ ಹೆಸರು, ಫೋನ್ ನಂಬರ್, ನಾಯಿಯ ರೇಬೀಸ್ ಲಸಿಕೆಯ ವಿವರ ಕೇಳಿ ತೆಗೆದುಕೊಳ್ಳಿ.

ಚಿಕ್ಕ ಮಕ್ಕಳನ್ನು ಬೇಲಿಯ ಒಳಗೆ ಕರೆದುಕೊಂಡು ಹೋಗಲೇಬೇಡಿ ಅನ್ನುತ್ತೇನೆ ನಾನು. ಎಷ್ಟೋ ಪಾರ್ಕುಗಳ ಬೋರ್ಡಿನಲ್ಲೇ ವಯಸ್ಸಿನ ಮಿತಿ ಬರೆದಿರುತ್ತದೆ, ನಾವು ಓದಲ್ಲ ಅಷ್ಟೇ. ಕಿರುಚುತ್ತಾ ಓಡುವ ಮಗುವನ್ನು ಕಂಡರೆ ಸಾಧು ನಾಯಿಯೂ ಅಟ್ಟಿಸುತ್ತದೆ. ದೊಡ್ಡ ಮಕ್ಕಳಿಗೆ ಮನೆಯಲ್ಲೇ ಆಟದ ಹಾಗೆ ಕಲಿಸಿ: ನಾಯಿ ನುಗ್ಗಿದರೆ ಮರದ ಹಾಗೆ ನಿಲ್ಲು, ಕೈ ಮೈಗೆ ಅಂಟಿಸಿಕೋ, ನೆಲ ನೋಡು. ಬಿದ್ದರೆ ಮುದುಡಿಕೊಂಡು ಕುತ್ತಿಗೆ, ಕಿವಿ ಮುಚ್ಚಿಕೋ.

ದೂರು ಕೊಡಲು ಹಿಂಜರಿಯುವವರಿಗೆ ಒಂದು ಮಾತು. ಬ್ರಿಟನ್ನಿನ 1991ರ ಅಪಾಯಕಾರಿ ನಾಯಿಗಳ ಕಾಯ್ದೆಯ ಪ್ರಕಾರ ಅಪರಾಧ ಆಗಲು ನಾಯಿ ಜನರನ್ನು ಕಚ್ಚಲೇಬೇಕು ಅಂತಿಲ್ಲ. ಹತೋಟಿ ತಪ್ಪಿ, ಕಚ್ಚೀತು ಅನ್ನುವ ನ್ಯಾಯವಾದ ಭಯ ಹುಟ್ಟಿಸಿದರೂ ಮಾಲೀಕರದ್ದೇ ತಪ್ಪು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನಾಯಿ ಕಚ್ಚಿದರೆ "ಹಿಂದೆ ಯಾವತ್ತೂ ಕಚ್ಚಿರಲಿಲ್ಲ" ಅನ್ನುವ ಮಾಲೀಕರ ನೆಪ ನಡೆಯಲ್ಲ. ನಿಮ್ಮ ಊರಿನ ನಿಯಮ ಏನು ಅಂತ ಸ್ಥಳೀಯ ಆಡಳಿತದ ವೆಬ್‌ಸೈಟಿನಲ್ಲಿ ನೋಡಿ, ದೂರಿನ ನಂಬರ್ ಈಗಲೇ ಫೋನಿನಲ್ಲಿ ಹಾಕಿಟ್ಟುಕೊಳ್ಳಿ.